ಇಂಟರ್ನ್‌ಶಿಪ್: ಭಟ್ಕಳ, ಹೊನ್ನಾವರ, ಕುಮಟಾ

ಉತ್ತರ ಕನ್ನಡ ಜಿಲ್ಲೆಯ ದಕ್ಷಿಣ ಕರಾವಳಿಯ ಈ ಮೂರು ತಾಲ್ಲೂಕುಗಳ ವಿದ್ಯಾರ್ಥಿಗಳು ಓದುತ್ತಿರುವಾಗಲೇ ಕಂಪನಿ, ಕಾರ್ಖಾನೆ, ಕಚೇರಿ, ಶಾಲೆ ಅಥವಾ ಆಸ್ಪತ್ರೆಯಲ್ಲಿ ಕೆಲಸ ಕಲಿಯುವ ವ್ಯವಸ್ಥೆ. ಇಂಜಿನಿಯರಿಂಗ್ ಮತ್ತು ಬಿ.ಎಡ್. ಪದವಿಗಳಿಗೆ ಈಗ ಇದು ಕಡ್ಡಾಯ. ಭಟ್ಕಳದಿಂದ ಕುಮಟಾದವರೆಗಿನ ಹೆದ್ದಾರಿಯ ಉದ್ದಕ್ಕೂ ಅಂಗಡಿ, ಗ್ಯಾರೇಜು, ಸಹಕಾರಿ ಬ್ಯಾಂಕು, ಐಸ್ ಪ್ಲ್ಯಾಂಟು, ಆಸ್ಪತ್ರೆ, ಹೋಟೆಲುಗಳಿವೆ; ಸಾವಿರಾರು ಜನರನ್ನು ದುಡಿಸುವ ಕಾರ್ಖಾನೆಯಾಗಲಿ ಕಂಪನಿಯಾಗಲಿ ಇಲ್ಲ. ಆದ್ದರಿಂದ ಇಲ್ಲಿನ ವಿದ್ಯಾರ್ಥಿಗೆ ಇಂಟರ್ನ್‌ಶಿಪ್ ಎಂದರೆ ಬಹುಮಟ್ಟಿಗೆ ಊರು ಬಿಡುವುದು. ಕಲಿಯಲು ಬಂದವರು ಎಲ್ಲಿ ಉಣ್ಣಬೇಕು, ಎಲ್ಲಿ ಮಲಗಬೇಕು ಎಂಬುದನ್ನು ಯಾರಾದರೂ ಮೊದಲೇ ಹೊಣೆ ಹೊತ್ತು ತೀರ್ಮಾನಿಸಿದ ಕಡೆ ಈ ವ್ಯವಸ್ಥೆ ಗಟ್ಟಿಯಾಗಿದೆ. ಹೊಣೆ ಹೊರುವವರಿಲ್ಲದ ಕಡೆ ಅದು ಸರ್ಟಿಫಿಕೇಟಿನ ಮಟ್ಟಕ್ಕೆ ಇಳಿದಿದೆ.

ಗುರುಮನೆ, ಅಂಗಡಿಮನೆ

ಕಾಲೇಜುಗಳು ಬರುವ ಮೊದಲು ಕಸುಬು ಕಲಿಸುತ್ತಿದ್ದುದು ಮನೆಗಳೇ. ಗಂಧದ ಮರ ಮತ್ತು ದಂತದ ಕೆತ್ತನೆಗೆ ಹೆಸರಾದ ಗುಡಿಗಾರರು ಸಾಗರ, ಸೊರಬ, ಸಿರಸಿಗಳಂತೆ ಕುಮಟಾ, ಹೊನ್ನಾವರಗಳಲ್ಲೂ ನೆಲೆಸಿದ್ದರು. ಹುಡುಗ ಉಳಿ ಹಿಡಿಯುವ ಮೊದಲು ಚೂರು ಗುಡಿಸುತ್ತಿದ್ದ, ಉಳಿ ಮಸೆಯುತ್ತಿದ್ದ, ದೊಡ್ಡವರು ಗೆರೆ ಹಾಕುವುದನ್ನು ನೋಡುತ್ತಿದ್ದ. ಸಂಬಳದ ಮಾತು ಇರಲಿಲ್ಲ, ಊಟದ ಚಿಂತೆಯೂ ಇರಲಿಲ್ಲ. ಜಾತಿ ಮತ್ತು ನಂಟಿನ ಹೊರಗಿನವರಿಗೆ ಈ ಬಾಗಿಲು ತೆರೆಯುತ್ತಿರಲಿಲ್ಲ ಎಂಬುದನ್ನು ಮಾತ್ರ ಮರೆಯಬಾರದು. ಹಳೆಯ ಗುರುಕುಲವನ್ನು ಹೊಗಳುವವರು ಈ ಅಂಶವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ಈ ಪದ್ಧತಿ ಸಂಸ್ಥೆಯ ರೂಪ ತಾಳಿದ್ದಕ್ಕೆ ಸ್ಪಷ್ಟ ಉದಾಹರಣೆ ಹೊನ್ನಾವರ ತಾಲ್ಲೂಕಿನ ಗುಣವಂತೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯನ್ನು ಕಟ್ಟಿದರು. ಅವರ ಮಗ ಶಂಭು ಹೆಗಡೆ 1986ರಲ್ಲಿ ಗುಣವಂತೆಯಲ್ಲಿ ಶ್ರೀಮಯ ಯಕ್ಷಗಾನ ಶಿಕ್ಷಣ ಕೇಂದ್ರವನ್ನು ಆರಂಭಿಸಿದರು. ಯಾವುದೇ ಮನೆತನದ ಹುಡುಗ ಅಲ್ಲೇ ಉಳಿದು ಹೆಜ್ಜೆ, ತಾಳ, ಮಾತುಗಾರಿಕೆ ಕಲಿಯಬಹುದಾಯಿತು. ಕಲಿತದ್ದನ್ನು ಪರೀಕ್ಷಿಸಲು ಪಕ್ಕದಲ್ಲೇ ವೃತ್ತಿಮೇಳದ ರಂಗಸ್ಥಳವಿತ್ತು. ತರಗತಿ, ನಿಜವಾದ ಕೆಲಸ, ವಸತಿ ಮೂರೂ ಒಂದೇ ಆವರಣದಲ್ಲಿ ಸಿಗುವ ಇಂಥ ವ್ಯವಸ್ಥೆಯನ್ನು ಈ ಪ್ರದೇಶದ ಯಾವ ಕಂಪನಿಯೂ ಕೊಟ್ಟಿಲ್ಲ.

ಭಟ್ಕಳದ ದಾರಿ ಬೇರೆ. ಇದು ಹಿಂದಿನಿಂದಲೂ ಸಮುದ್ರ ವ್ಯಾಪಾರದ ಬಂದರು; ಇಲ್ಲಿನ ನವಾಯತ ಮುಸ್ಲಿಮರು ದಕ್ಷಿಣ ಭಾರತದ ಹಲವು ಪಟ್ಟಣಗಳಲ್ಲಿ ಬಟ್ಟೆಯ ವ್ಯಾಪಾರಕ್ಕಿಳಿದರು. 1970ರ ದಶಕದ ನಂತರ ಕೊಲ್ಲಿ ದೇಶಗಳಿಗೂ ಹೋದರು. ಚಿಕ್ಕಪ್ಪನ ಅಂಗಡಿಗೋ ಭಾವನ ಅಂಗಡಿಗೋ ಹೋದ ಹುಡುಗ ಥಾನು ಬಿಚ್ಚಿ ಮಡಿಸುವುದರಿಂದ ಶುರುಮಾಡಿ ಲೆಕ್ಕದ ಪುಸ್ತಕದವರೆಗೆ ಬರುತ್ತಿದ್ದ. ಮಲಗುವುದು ಅಂಗಡಿಯವರ ಬಿಡಾರದಲ್ಲಿ, ಊಟ ಎಲ್ಲರೊಟ್ಟಿಗೆ. ಯಾವ ಕಾಗದವೂ ಇರುತ್ತಿರಲಿಲ್ಲ, ಆದರೂ ಎರಡು ಮೂರು ವರ್ಷಗಳಲ್ಲಿ ಅವನು ಸ್ವಂತ ವ್ಯಾಪಾರಕ್ಕೆ ತಯಾರಾಗುತ್ತಿದ್ದ.

ಮುಂಬಯಿಯ ಪಾಠ

ಕೆನರಾ ಜಿಲ್ಲೆ ಒಡೆದ ಮೇಲೆ 1862ರಲ್ಲಿ ಅದರ ಉತ್ತರ ಭಾಗ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. 1956ರಲ್ಲಿ ಮೈಸೂರು ರಾಜ್ಯ ಸೇರುವವರೆಗೂ ಈ ಕರಾವಳಿಯ ಓದಿದ ಹುಡುಗರಿಗೆ ಬೆಂಗಳೂರಿಗಿಂತ ಮುಂಬಯಿಯೇ ಹತ್ತಿರವೆನಿಸುತ್ತಿತ್ತು. ಶಿರಾಲಿ, ಹೊನ್ನಾವರ, ಕುಮಟಾಗಳ ಸಾರಸ್ವತ ಕುಟುಂಬಗಳ ಯುವಕರು ಅಲ್ಲಿನ ಕಚೇರಿಗಳಲ್ಲಿ ಕಾರಕೂನರಾಗಿ ಕೆಲಸಕ್ಕೆ ಸೇರಿ ಅಲ್ಲೇ ಕೆಲಸ ಕಲಿತರು. ಅವರಿಗೆ ಎದುರಾದ ದೊಡ್ಡ ತೊಡಕು ಬಾಡಿಗೆಯ ಕೋಣೆ. ರಾವ್ ಬಹಾದ್ದೂರ್ ಶ್ರೀಪಾದ ಸುಬ್ಬರಾವ್ ತಾಲಮಕಿ 1906ರಲ್ಲಿ ತಮ್ಮ ಗುರು ಶಾಮರಾವ್ ವಿಠಲ ಕಾಯ್ಕಿಣಿಯವರ ಹೆಸರಿನಲ್ಲಿ ಸಹಕಾರಿ ಸಾಲ ಸಂಘವನ್ನು ಆರಂಭಿಸಿದರು. ಇಂದಿನ ಎಸ್‌ವಿಸಿ ಬ್ಯಾಂಕ್ ಅದೇ. 1915ರಲ್ಲಿ ಗಾಂದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘ ಎದ್ದಿತು. ಭಾರತದ ಗೃಹನಿರ್ಮಾಣ ಸಹಕಾರಿಗಳಲ್ಲಿ ಅದು ಮೊದಮೊದಲಿನದು. ಇವನ್ನು ಯಾರೂ ತರಬೇತಿ ಸಂಸ್ಥೆಗಳೆಂದು ಕರೆಯುವುದಿಲ್ಲ. ಆದರೆ ಊರಿನ ಹುಡುಗ ಮಹಾನಗರದಲ್ಲಿ ಕೆಲಸ ಕಲಿಯುವಷ್ಟು ಕಾಲ ತಡೆದು ನಿಲ್ಲಲು ನೆರವಾದವು ಇವೇ.

ಕಾಯಿದೆ ಮತ್ತು ಅದರ ಅಳತೆ

ಶಾಲೆ ಮತ್ತು ಕಾರ್ಖಾನೆಯನ್ನು ಒಂದೇ ಪಠ್ಯಕ್ರಮದಲ್ಲಿ ಜೋಡಿಸುವ ಪ್ರಯೋಗ ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ 1906ರಲ್ಲಿ ಹರ್ಮನ್ ಷ್ನೈಡರ್ ಅವರಿಂದ ಆರಂಭವಾಯಿತು. ವಿದ್ಯಾರ್ಥಿಗಳು ಸರದಿಯಂತೆ ತರಗತಿಗೂ ಕಾರ್ಖಾನೆಗೂ ಹೋಗುತ್ತಿದ್ದರು. ಭಾರತದಲ್ಲಿ ಇದಕ್ಕೆ ಹತ್ತಿರದ್ದು 1961ರ ಅಪ್ರೆಂಟಿಸ್ ಕಾಯಿದೆ. ಮೊದಲು ಐಟಿಐ ಕಸುಬುಗಳಿಗೆ ಸೀಮಿತವಾಗಿದ್ದ ಕಾಯಿದೆ 1973ರ ತಿದ್ದುಪಡಿಯಿಂದ ಇಂಜಿನಿಯರಿಂಗ್ ಪದವಿ ಮತ್ತು ಡಿಪ್ಲೊಮಾದವರಿಗೂ, 2014ರ ತಿದ್ದುಪಡಿಯಿಂದ ಇತರ ಪದವೀಧರರಿಗೂ ಅನ್ವಯವಾಯಿತು. ಕರ್ನಾಟಕದ ಪದವೀಧರ ಅಪ್ರೆಂಟಿಸರ ಉಸ್ತುವಾರಿ ಚೆನ್ನೈನ ದಕ್ಷಿಣ ವಲಯ ಅಪ್ರೆಂಟಿಸ್ ತರಬೇತಿ ಮಂಡಳಿಯದ್ದು. 2019ರ ನಿಯಮಗಳು ಪದವೀಧರರಿಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ, ಡಿಪ್ಲೊಮಾದವರಿಗೆ 8,000 ರೂಪಾಯಿ ಸ್ಟೈಪೆಂಡ್ ಗೊತ್ತುಮಾಡಿದವು.

ಅದೇ ನಿಯಮಗಳ ಪ್ರಕಾರ 30 ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳು ಅಪ್ರೆಂಟಿಸರನ್ನು ತೆಗೆದುಕೊಳ್ಳಲೇಬೇಕು, 4ರಿಂದ 29 ಕೆಲಸಗಾರರಿರುವವು ಬೇಕಿದ್ದರೆ ತೆಗೆದುಕೊಳ್ಳಬಹುದು. ಭಟ್ಕಳ, ಹೊನ್ನಾವರ, ಕುಮಟಾಗಳ ಅಂಗಡಿ, ವರ್ಕ್‌ಶಾಪುಗಳಲ್ಲಿ ಹೆಚ್ಚಿನವು ಕಡ್ಡಾಯದ ಅಳತೆಗೆ ಸಿಗುವುದಿಲ್ಲ. ಹೀಗಾಗಿ ಕಾಯಿದೆಯ ಪ್ರಯೋಜನ ಪಡೆದವರು ಜಿಲ್ಲೆಯೊಳಗೇ ದೂರ ಹೋದವರು: ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್, ಬಿಣಗಾದ ಕಾಸ್ಟಿಕ್ ಸೋಡಾ ಕಾರ್ಖಾನೆ, ಕಾರವಾರದ ನೌಕಾನೆಲೆಯ ದುರಸ್ತಿ ಯಾರ್ಡ್, ಕೈಗಾ ಅಣುವಿದ್ಯುತ್ ಸ್ಥಾವರ. 2000ನೇ ಇಸವಿಯಲ್ಲಿ ಎರಡು ಘಟಕಗಳು, 2007 ಮತ್ತು 2011ರಲ್ಲಿ ಇನ್ನೆರಡು ವಿದ್ಯುತ್ ಕೊಡಲಾರಂಭಿಸಿದ ಕೈಗಾಕ್ಕೆ ಮಲ್ಲಾಪುರದಲ್ಲಿ ಟೌನ್‌ಶಿಪ್ ಇದೆ. ಯೋಜನೆಯನ್ನು ವಿರೋಧಿಸಿದ ಊರುಗಳ ಮಕ್ಕಳೂ ಅಲ್ಲಿ ಟ್ರೇಡ್ ಅಪ್ರೆಂಟಿಸ್ ಅರ್ಜಿ ಹಾಕುತ್ತಾರೆ. ಅದರಲ್ಲಿ ವಿಚಿತ್ರವೇನೂ ಇಲ್ಲ, ಬೇರೆ ಆಯ್ಕೆ ಕಡಿಮೆ.

ಇಂಜಿನಿಯರಿಂಗ್ ಕಾಲೇಜು ಮತ್ತು ಕಡ್ಡಾಯ

1919ರಲ್ಲಿ ಸ್ಥಾಪನೆಯಾದ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ಸಂಸ್ಥೆ 1980ರಲ್ಲಿ ಭಟ್ಕಳದಲ್ಲಿ ಇಂಜಿನಿಯರಿಂಗ್ ಕಾಲೇಜು ತೆರೆಯಿತು. ದೊಡ್ಡ ಕೈಗಾರಿಕೆಯಿಲ್ಲದ ಕರಾವಳಿಯ ಪುಟ್ಟ ಪಟ್ಟಣದಲ್ಲಿ ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಓದುವ ಹುಡುಗರು ಯಂತ್ರಗಳನ್ನು ನೋಡಿದ್ದು ಹೆಚ್ಚಾಗಿ ಲ್ಯಾಬಿನಲ್ಲಿ ಮತ್ತು ವರ್ಷಕ್ಕೊಮ್ಮೆಯ ಕೈಗಾರಿಕಾ ಪ್ರವಾಸದಲ್ಲಿ. ಅಪವಾದವೆಂದರೆ 1990ರ ದಶಕದ ಕೊಂಕಣ ರೈಲ್ವೆ ಕಾಮಗಾರಿ. ಹೊನ್ನಾವರದ ಶರಾವತಿ ಸೇತುವೆಯ ಉದ್ದ ಎರಡು ಕಿಲೋಮೀಟರಿಗೂ ಹೆಚ್ಚು. ಇಡೀ ಕೊಂಕಣ ರೈಲು ಮಾರ್ಗದಲ್ಲೇ ಅಷ್ಟು ಉದ್ದದ ಸೇತುವೆ ಇನ್ನೊಂದಿಲ್ಲ. 1998ರ ಜನವರಿಯಲ್ಲಿ ಮಾರ್ಗ ಪೂರ್ತಿಯಾಗಿ ಓಡಾಟಕ್ಕೆ ತೆರೆಯಿತು. ಮಂಗಳೂರು, ಗೋವಾ, ಮುಂಬಯಿಗಳು ಘಟ್ಟ ಹತ್ತಿಳಿಯದೆ ರೈಲಿನಲ್ಲೇ ಸಿಗುವಂತಾದವು. 2020ರ ಮಾರ್ಚ್‌ನಲ್ಲಿ ಆರಂಭವಾದ ಬೆಂಗಳೂರು–ಕಾರವಾರ ರಾತ್ರಿ ರೈಲು, ಈಗಿನ ಪಂಚಗಂಗಾ ಎಕ್ಸ್‌ಪ್ರೆಸ್, ಇಂಟರ್ನ್‌ಶಿಪ್‌ಗೆ ಹೊರಟವರ ಗಾಡಿಯೂ ಆಗಿದೆ.

1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಭಟ್ಕಳದ ಕಾಲೇಜು ಅದರ ಅಡಿಗೆ ಬಂತು. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ (ಎಐಸಿಟಿಇ) 2018ರಲ್ಲಿ ಹೊರತಂದ ಮಾದರಿ ಪಠ್ಯಕ್ರಮ ಪದವಿಯ ಒಟ್ಟು ಭಾರವನ್ನು 160 ಕ್ರೆಡಿಟ್‌ಗೆ ಇಳಿಸಿ, ಇಂಟರ್ನ್‌ಶಿಪ್‌ಗೆ ಅದರಲ್ಲಿ ಜಾಗ ಕೊಟ್ಟಿತು. ವಿಶ್ವವಿದ್ಯಾಲಯದ 2018ರ ಪಠ್ಯಕ್ರಮದಲ್ಲಿ ನಾಲ್ಕು ವಾರ ಇದ್ದದ್ದು 2022ರ ಪಠ್ಯಕ್ರಮದ ವೇಳೆಗೆ 14ರಿಂದ 20 ವಾರಗಳಿಗೆ ಬೆಳೆಯಿತು. ರಜೆಯಲ್ಲಿ ಮುಗಿಸಿಬಿಡುವ ವಿಷಯ ಸೆಮಿಸ್ಟರಿನ ಮುಖ್ಯ ಕೆಲಸವಾಯಿತು. ಡಿಪ್ಲೊಮಾದಲ್ಲೂ ಕೊನೆಯ ವರ್ಷಕ್ಕೆ ಇದು ಬಂತು.

ಅವಧಿ ಬೆಳೆದದ್ದು ಒಳ್ಳೆಯದೇ. ನಾಲ್ಕು ವಾರದಲ್ಲಿ ಕಂಪನಿಯ ಗೇಟ್ ಪಾಸ್, ಲ್ಯಾಪ್‌ಟಾಪ್, ಪರಿಚಯ ಮುಗಿಯುವಷ್ಟರಲ್ಲಿ ಹುಡುಗ ವಾಪಸಾಗಿರುತ್ತಿದ್ದ. ಆದರೆ ಅವಧಿ ನಾಲ್ಕು ತಿಂಗಳಾದಾಗ ಬೆಂಗಳೂರಿನ ಪಿಜಿ ಬಾಡಿಗೆಯೂ ನಾಲ್ಕು ತಿಂಗಳದ್ದಾಯಿತು. ಅದನ್ನು ಯಾರು ಕೊಡಬೇಕೆಂದು ಪಠ್ಯಕ್ರಮ ಹೇಳುವುದಿಲ್ಲ. ಬೆಂಗಳೂರಿನ ಹುಡುಗ ತಿಂಡಿ ತಿಂದು ಮನೆಯಿಂದ ಹೊರಡುತ್ತಾನೆ. ಮುರುಡೇಶ್ವರದ ಹುಡುಗಿಗೆ ಮೊದಲು ಅಪ್ಪನ ಒಪ್ಪಿಗೆ, ಆಮೇಲೆ ನಂಬಿಕಸ್ತರ ಮನೆ, ಕೊನೆಗೆ ಕಂಪನಿ. ಅವಕಾಶ ಕೈಗೆ ಬಂದ ಮೇಲೂ ಬಿಟ್ಟುಕೊಡುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು ಎಂಬುದು ಈ ಭಾಗದ ಮೇಷ್ಟರುಗಳು ಸಾಮಾನ್ಯವಾಗಿ ಆಡುವ ಮಾತು.

ಕಂಪನಿಯ ಕಡೆಯಿಂದ ನೋಡಿದರೆ ಕರ್ನಾಟಕದಲ್ಲಿ ಮಾದರಿಗಳಿಗೆ ಕೊರತೆಯಿಲ್ಲ. ಇನ್ಫೋಸಿಸ್ 1999ರಲ್ಲಿ ಆರಂಭಿಸಿದ ಇನ್‌ಸ್ಟೆಪ್ ಕಾರ್ಯಕ್ರಮ ಮುಖ್ಯವಾಗಿ ವಿದೇಶಿ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳನ್ನು ಬೆಂಗಳೂರಿಗೆ ಕರೆತಂದಿತು. ಬರುವ ಮೊದಲೇ ಪ್ರಾಜೆಕ್ಟ್ ಗೊತ್ತಾಗಿರುತ್ತದೆ, ಕೈಹಿಡಿದು ನಡೆಸುವ ಗೈಡ್ ಇರುತ್ತಾರೆ, ಸ್ಟೈಪೆಂಡ್ ಇದೆ, ವಿಮಾನದ ಟಿಕೆಟ್ ಮತ್ತು ವಸತಿಯನ್ನು ಕಂಪನಿಯೇ ನೋಡಿಕೊಳ್ಳುತ್ತದೆ. ಗಟ್ಟಿಯಾದ ಇಂಟರ್ನ್‌ಶಿಪ್‌ಗೆ ಬೇಕಾದದ್ದೆಲ್ಲ ಅಲ್ಲಿದೆ. ಹೊರದೇಶದವರಿಗಾಗಿ ಇಷ್ಟು ಅಚ್ಚುಕಟ್ಟಾಗಿ ಯೋಚಿಸಿದ ಊರಿನಲ್ಲೇ, ಕಾರವಾರದ ರೈಲಿನಿಂದ ಬೆಳಗ್ಗೆ ಇಳಿಯುವವರ ಬಗ್ಗೆ ಹಾಗೆ ಯೋಚಿಸಿದ ಕಂಪನಿಗಳು ವಿರಳ.

ಊರಲ್ಲೇ ನಿಂತವು

ಮೂರು ತಾಲ್ಲೂಕುಗಳ ಒಳಗೇ ಚೆನ್ನಾಗಿ ನಡೆದ ಇಂಟರ್ನ್‌ಶಿಪ್‌ಗಳು ಕಂಪನಿಗಳವಲ್ಲ. ಕುಮಟಾದ ಕಮಲಾ ಬಾಳಿಗಾ ಶಿಕ್ಷಣ ಮಹಾವಿದ್ಯಾಲಯದಂಥ ಬಿ.ಎಡ್. ಕಾಲೇಜುಗಳು ಮೊದಲಿನಿಂದಲೂ ಸುತ್ತಲಿನ ಪ್ರೌಢಶಾಲೆಗಳಿಗೆ ಪಾಠಾಭ್ಯಾಸಕ್ಕೆ ವಿದ್ಯಾರ್ಥಿಗಳನ್ನು ಕಳಿಸುತ್ತ ಬಂದಿವೆ. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಮಂಡಳಿಯ 2014ರ ನಿಯಮಗಳು ಬಿ.ಎಡ್. ಅನ್ನು ಎರಡು ವರ್ಷ ಮಾಡಿ, ಶಾಲೆಯಲ್ಲಿ 20 ವಾರಗಳ ಇಂಟರ್ನ್‌ಶಿಪ್ ಕಡ್ಡಾಯಗೊಳಿಸಿದವು. ಇಲ್ಲಿ ತೊಡಕು ಕಡಿಮೆ: ಶಾಲೆಗಳು ಎಲ್ಲೆಡೆ ಇವೆ, ಮನೆಯಿಂದಲೇ ಹೋಗಿಬರಬಹುದು. ಜೊತೆಗೆ, ಹಿಂದಿನ ಬೆಂಚಿನಲ್ಲಿ ಕೂತು ಪಾಠ ನೋಡಿ ತಪ್ಪು ತಿದ್ದುವ ಪದ್ಧತಿ ಹಳೆಯದು. ಹೊನ್ನಾವರದ ಸೇಂಟ್ ಇಗ್ನೇಷಿಯಸ್ ಆಸ್ಪತ್ರೆಯಲ್ಲಿ ನರ್ಸಿಂಗ್ ಕಲಿಯುವವರಿಗೆ ವಾರ್ಡೇ ಎರಡನೆಯ ತರಗತಿ.

ಇವೆಲ್ಲಕ್ಕಿಂತ ಕುತೂಹಲದ್ದು ಕುಮಟಾದ ಕ್ಷೇತ್ರಕೇಂದ್ರ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1983ರಲ್ಲಿ ಮಾಧವ ಗಾಡ್ಗೀಳರು ಪರಿಸರ ವಿಜ್ಞಾನ ಕೇಂದ್ರವನ್ನು ಕಟ್ಟಿದ ಮೇಲೆ, ಉತ್ತರ ಕನ್ನಡ ಅದರ ಮುಖ್ಯ ಅಧ್ಯಯನ ಭೂಮಿಯಾಯಿತು. ಕುಮಟಾದಲ್ಲಿ ಕ್ಷೇತ್ರಕೇಂದ್ರ ಬಂತು. ಅಲ್ಲಿನ ಡಾ. ಎ.ವಿ. ಬಾಳಿಗಾ ಕಾಲೇಜಿನ ಸಸ್ಯಶಾಸ್ತ್ರ ಪ್ರಾಧ್ಯಾಪಕ ಎಂ.ಡಿ. ಸುಭಾಷ್‌ಚಂದ್ರನ್ ಈ ಕೆಲಸದ ಊರಿನ ಕೊಂಡಿಯಾದರು. ದೇವರಕಾಡು, ಮಿರಿಸ್ಟಿಕಾ ಜೌಗು, ಅಘನಾಶಿನಿ ಅಳಿವೆಯ ಕಾಂಡ್ಲಾ ಮತ್ತು ಚಿಪ್ಪಿಕಲ್ಲುಗಳ ಮಾಹಿತಿ ಕಲೆಹಾಕುವಲ್ಲಿ ಕಾಲೇಜಿನ ಮೇಷ್ಟರುಗಳು, ವಿದ್ಯಾರ್ಥಿಗಳು ಕೈಜೋಡಿಸಿದರು. ಕಾಲೇಜು ಶಿಕ್ಷಕರನ್ನು ಪಶ್ಚಿಮ ಘಟ್ಟದ ಜೀವವೈವಿಧ್ಯ ದಾಖಲಾತಿಗೆ ಸೇರಿಸಿಕೊಳ್ಳುವ ಗಾಡ್ಗೀಳರ ಯೋಜನೆಯೂ 1990ರ ದಶಕದಲ್ಲಿ ನಡೆಯಿತು. 2024ರಲ್ಲಿ ಅಘನಾಶಿನಿ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿ ಸೇರುವಾಗ ಆ ನೀರಿನ ಬಗ್ಗೆ ದಶಕಗಳ ಅಧ್ಯಯನ ಕೈಯಲ್ಲಿತ್ತು. ಹೊರಗಿನ ದೊಡ್ಡ ಸಂಸ್ಥೆಯೊಂದು ಊರಿಗೇ ಬಂದು, ಊರಿನಲ್ಲಿ ಮಾತ್ರ ಮಾಡಬಹುದಾದ ಕೆಲಸವನ್ನು ವಿದ್ಯಾರ್ಥಿಯ ಕೈಗೆ ಕೊಟ್ಟ ಉದಾಹರಣೆ ಇದು. ಮೀನುಗಾರಿಕೆಯಲ್ಲೂ ಅಂಥದ್ದು ಸಾಧ್ಯವಿತ್ತು. ಆದರೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ನಿಷೇಧ. ಮಳೆಗಾಲಕ್ಕೆ ಬಿದ್ದ ಇಂಟರ್ನ್‌ಶಿಪ್ ವಿದ್ಯಾರ್ಥಿಗೆ ಭಟ್ಕಳ, ಹೊನ್ನಾವರದ ಬಂದರುಗಳಲ್ಲಿ ನೋಡಲು ಸಿಗುವುದು ದಡದಲ್ಲಿ ಕಟ್ಟಿದ ಬೋಟುಗಳು. ಬೆಂಗಳೂರಿನಲ್ಲೋ ತಾಂತ್ರಿಕ ವಿಶ್ವವಿದ್ಯಾಲಯವಿರುವ ಬೆಳಗಾವಿಯಲ್ಲೋ ತಯಾರಾಗುವ ವೇಳಾಪಟ್ಟಿ ಕಡಲಿನ ಪಂಚಾಂಗ ನೋಡುವುದಿಲ್ಲ.

2020ರ ನಂತರ

ಕೊರೊನಾ ಕಾಲದಲ್ಲಿ ಇಂಟರ್ನ್‌ಶಿಪ್ ಆನ್‌ಲೈನ್ ಆಯಿತು. ವಸತಿಯ ಪ್ರಶ್ನೆ ಒಮ್ಮೆಲೇ ಮಾಯವಾದಂತೆ ಕಂಡು, ಕರಾವಳಿಯ ಹುಡುಗರಿಗೆ ಇದು ವರವೆನಿಸಿತು. ಒಳ್ಳೆಯ ಕಂಪನಿಗಳ ಆನ್‌ಲೈನ್ ಪ್ರಾಜೆಕ್ಟುಗಳಿಂದ ಕಲಿತವರಿದ್ದಾರೆ. ಅದರ ಬೆನ್ನಿಗೇ, ವಿದ್ಯಾರ್ಥಿಗೆ ದುಡ್ಡು ಕೊಡುವ ಬದಲು ಅವರಿಂದಲೇ ಶುಲ್ಕ ವಸೂಲಿ ಮಾಡಿ, ಕೆಲವು ವೀಡಿಯೊ ತೋರಿಸಿ, ಸರ್ಟಿಫಿಕೇಟ್ ಕೊಡುವ ವ್ಯಾಪಾರವೂ ಬೆಳೆಯಿತು. ಕಡ್ಡಾಯವಾದ ಕ್ರೆಡಿಟ್ ಮತ್ತು ಇಲ್ಲದ ಕಂಪನಿ, ಈ ಎರಡರ ನಡುವೆ ಹುಟ್ಟಬಹುದಾಗಿದ್ದದ್ದೇ ಅದು.

2024ರ ಕೇಂದ್ರ ಬಜೆಟ್ ದೇಶದ 500 ದೊಡ್ಡ ಕಂಪನಿಗಳಲ್ಲಿ ಐದು ವರ್ಷಗಳಲ್ಲಿ ಒಂದು ಕೋಟಿ ಯುವಕರಿಗೆ ಇಂಟರ್ನ್‌ಶಿಪ್ ಕೊಡುವ ಯೋಜನೆಯನ್ನು ಘೋಷಿಸಿತು. ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯ ಪ್ರಾಯೋಗಿಕ ಹಂತ ಆ ವರ್ಷದ ಅಕ್ಟೋಬರ್‌ನಲ್ಲಿ ಶುರುವಾಯಿತು. ಹನ್ನೆರಡು ತಿಂಗಳು, ತಿಂಗಳಿಗೆ 5,000 ರೂಪಾಯಿ. ಅದರಲ್ಲಿ 4,500 ಸರ್ಕಾರದ್ದು, 500 ಕಂಪನಿಯದ್ದು. ಸೇರುವಾಗ ಒಮ್ಮೆ 6,000. ಮೊದಲ ಸುತ್ತಿನಲ್ಲಿ ಸುಮಾರು 1.27 ಲಕ್ಷ ಜಾಗಗಳಿದ್ದವು. ಸುಮಾರು 82 ಸಾವಿರ ಆಫರ್‌ಗಳು ಹೋದವು. ಒಪ್ಪಿಕೊಂಡವರು 28 ಸಾವಿರದಷ್ಟು. ಪೂರ್ಣಾವಧಿ ಓದುತ್ತಿರುವವರಿಗೆ ಆ ಸುತ್ತಿನಲ್ಲಿ ಅವಕಾಶವಿರಲಿಲ್ಲ. ಅದು ಇದ್ದದ್ದು ಓದು ಮುಗಿಸಿ ಕೆಲಸವಿಲ್ಲದೆ ಕೂತವರಿಗೆ. 5,000 ರೂಪಾಯಿಯಲ್ಲಿ ಬೆಂಗಳೂರಿನಲ್ಲಿ ಊಟ-ವಸತಿ ಸಾಗದು ಎಂಬ ಲೆಕ್ಕ ಕುಮಟಾದ ಯಾವ ಮನೆಯಲ್ಲೂ ಹೇಳಿಕೊಡಬೇಕಾದದ್ದಲ್ಲ.

ಊರು ಬಿಡದೆ ಕಲಿಯುವ ದಾರಿಯೂ ಒಂದಿದೆ. ಚಾರ್ಟರ್ಡ್ ಅಕೌಂಟೆಂಟ್ ಓದುವವರ ಕೆಲಸದ ತರಬೇತಿಯಾದ ಆರ್ಟಿಕಲ್‌ಶಿಪ್ ಅವಧಿ 2023ರ ಹೊಸ ಪದ್ಧತಿಯಲ್ಲಿ ಮೂರು ವರ್ಷದಿಂದ ಎರಡಕ್ಕೆ ಇಳಿದಿದೆ. ಕುಮಟಾ, ಹೊನ್ನಾವರ, ಭಟ್ಕಳಗಳ ಸಿ.ಎ. ಕಚೇರಿಗಳಲ್ಲಿ ಅಡಿಕೆ ವ್ಯಾಪಾರಿಗಳ, ಬೋಟ್ ಮಾಲೀಕರ, ಸಹಕಾರಿ ಸಂಘಗಳ ಲೆಕ್ಕ ಬರೆದು ಅದನ್ನು ಮನೆಯಿಂದಲೇ ಓಡಾಡಿ ಮುಗಿಸುವುದೂ ಸಾಧ್ಯವಿದೆ.