ಶಿಲೆಯಿಂದ ತರಂಗಕ್ಕೆ

ದೂರದ ಧ್ವನಿಯನ್ನು ಬರಮಾಡಿಕೊಳ್ಳುವುದು ಮಸ್ಕಿ ಸೀಮೆಗೆ ಹೊಸತಲ್ಲ. 1915ರಲ್ಲಿ ಚಿನ್ನದ ನಿಕ್ಷೇಪವನ್ನರಸಿ ಬಂದ ಬೀಡನ್ ಎಂಬ ಎಂಜಿನಿಯರನ ಕಣ್ಣಿಗೆ ಬಿದ್ದು, ದೇವಾನಾಂಪ್ರಿಯನ ಅಶೋಕನೆಂಬ ನಾಮವನ್ನು ಮೊತ್ತಮೊದಲಿಗೆ ಬಯಲಿಗಿಟ್ಟ ಶಿಲಾಶಾಸನವೂ, ವಿಚಾರಿಸಿ ನೋಡಿದರೆ, ಮಗಧದ ಅರಸನ ಮಾತಿನ ಪ್ರಸಾರವೇ ಸರಿ.

ಮಸ್ಕಿಯೂ ಅದರ ನೆರೆಯ ಸಿಂಧನೂರು, ಲಿಂಗಸುಗೂರುಗಳೂ 1956ರವರೆಗೆ ಹೈದರಾಬಾದ್ ರಾಜ್ಯಕ್ಕೆ ಒಳಪಟ್ಟಿದ್ದವು. ಆ ರಾಜ್ಯದ ಡೆಕ್ಕನ್ ರೇಡಿಯೋ 1950ರಲ್ಲಿ ಆಕಾಶವಾಣಿಯಲ್ಲಿ ಲೀನವಾಗಿ, ಅದೇ ವರ್ಷ ಧಾರವಾಡದಲ್ಲಿಯೂ 1966ರಲ್ಲಿ ಕಲಬುರಗಿಯಲ್ಲಿಯೂ ನಿಲಯಗಳು ತೆರೆದ ತರುವಾಯವೇ ಕನ್ನಡದ ಗಾನಕ್ಕೆ ಈ ಸೀಮೆಯ ಸಮೀಪದ ಆಕಾಶಮಾರ್ಗ ದೊರೆಯಿತೆನ್ನಬೇಕು.

ಇದೀಗ ಧ್ವನಿಯ ಪಯಣಕ್ಕೆ ನಿಲಯವೂ ಬೇಕಿಲ್ಲ: ಒಂದು ಗಣಕಯಂತ್ರದ ನಾದವು ಕಟ್ಟಡದೊಳಗಿನ ಜಾಲದಲ್ಲಿಯೇ ಕಿರುಪೊಟ್ಟಣಗಳಾಗಿ ಸಂಚರಿಸಿ, ಮತ್ತೊಂದರ ಸಂಗೀತ ತಂತ್ರಾಂಶವನ್ನು ಸೇರುತ್ತದೆ. ಪೊಟ್ಟಣಗಳು ಹಿಂದುಮುಂದಾದರೆ ಧ್ವನಿ ತುಂಡರಿಸುವುದರಿಂದ, ಅವನ್ನು ಕೆಲವು ಮಿಲಿಸೆಕೆಂಡು ತಡೆದಿರಿಸಿಯೇ ಬಿಡುವರು.