ಉತ್ತರ ಕನ್ನಡದ ಕರಾವಳಿ ಮತ್ತು ವೈದ್ಯಶಿಕ್ಷಣ

ಭಟ್ಕಳ, ಹೊನ್ನಾವರ, ಕುಮಟಾಗಳನ್ನೊಳಗೊಂಡ ಉತ್ತರ ಕನ್ನಡವು ೧೮೬೨ರಲ್ಲಿ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ದಕ್ಷಿಣ ಕನ್ನಡವು ಮದರಾಸಿನಲ್ಲಿಯೇ ಉಳಿಯಿತು. ಎರಡೂ ಮತ್ತೆ ಒಂದೇ ರಾಜ್ಯಕ್ಕೆ ಸೇರಿದುದು ೧೯೫೬ರಲ್ಲಿ.

ಅಷ್ಟರೊಳಗೆ ದಕ್ಷಿಣದಲ್ಲಿ ಒಂದು ಮಹತ್ತ್ವದ ಪ್ರಯೋಗ ನಡೆದಿತ್ತು. ಡಾ. ಟಿ. ಎಂ. ಎ. ಪೈ ಅವರು ೧೯೫೩ರಲ್ಲಿ ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಖಾಸಗಿ ಪ್ರಯತ್ನದಿಂದಲೇ ಸ್ಥಾಪಿಸಿದರು. ಕಟ್ಟಡಕ್ಕೆ ಧನವನ್ನು ಕೂಡಿಸಬಹುದು. ಆದರೆ ಚಿಕಿತ್ಸೆಯನ್ನು ಕಲಿಯಲು ರೋಗಿಗಳು ಬೇಕಷ್ಟೆ? ೧೯೫೫ರಲ್ಲಿ ಮಂಗಳೂರು ಶಾಖೆಯು ಆರಂಭವಾಗಿ, ೧೮೪೮ರಷ್ಟು ಹಳೆಯದಾದ ಸರ್ಕಾರಿ ವೆನ್‌ಲಾಕ್ ಆಸ್ಪತ್ರೆಯೇ ವಿದ್ಯಾರ್ಥಿಗಳ ಪಾಠಶಾಲೆಯಾಯಿತು. ಅಲ್ಲಿನ ಬಡ ರೋಗಿಗಳು ಈ ವಿದ್ಯೆಗೆ ಸಲ್ಲಿಸಿದ ಕಾಣಿಕೆ ಯಾವ ದಾನಿಯ ಕೊಡುಗೆಗೂ ಕಡಮೆಯದಲ್ಲ.

ಉತ್ತರ ಕನ್ನಡಕ್ಕೆ ಸರ್ಕಾರಿ ವೈದ್ಯಕೀಯ ಕಾಲೇಜು ದೊರೆತುದು ೨೦೧೬ರಲ್ಲಿ, ಕಾರವಾರದಲ್ಲಿ. ಕಾರವಾರವು ಜಿಲ್ಲೆಯ ಉತ್ತರದ ತುದಿ, ಭಟ್ಕಳವು ದಕ್ಷಿಣದ ತುದಿ. ಭಟ್ಕಳದವರಿಗೆ ಇಂದಿಗೂ ಮಣಿಪಾಲವೇ ಹತ್ತಿರ. ೨೦೨೨ರ ಜುಲೈ ತಿಂಗಳಲ್ಲಿ ಹೊನ್ನಾವರದಿಂದ ರೋಗಿಯನ್ನು ದಕ್ಷಿಣಕ್ಕೆ ಒಯ್ಯುತ್ತಿದ್ದ ಆಂಬ್ಯುಲೆನ್ಸು ಶಿರೂರಿನಲ್ಲಿ ಮಗುಚಿ ನಾಲ್ವರು ಮೃತರಾದರು. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಜನರ ಬೇಡಿಕೆ ಆಗ ತೀವ್ರವಾಯಿತು.

ಜನರ ಆಸ್ಪತ್ರೆಯೇ ವೈದ್ಯನ ಗುರುಕುಲವೆಂಬುದು ವೆನ್‌ಲಾಕಿನ ಪಾಠ. ಈ ಮೂರು ತಾಲ್ಲೂಕುಗಳ ಆಸ್ಪತ್ರೆಗಳಲ್ಲಿಯೂ ವಿದ್ಯಾರ್ಥಿಗಳು ನೆಲಸಿ ಕಲಿಯುವಂತಾದರೆ, ವಿದ್ಯೆಗೂ ರೋಗಿಗೂ ನಡುವಣ ದಾರಿ ಕಿರಿದಾದೀತು.