ಮುದ್ದೆ ಗಂಟಲಲ್ಲಿ ನಿಂತರೆ: ದಾರಿ ತಪ್ಪಿದ ರಕ್ತನಾಳದ ಕಥೆ

1/3
"ಮುದ್ದೆ ಇಳಿಯಲ್ಲ ಕಣಪ್ಪ, ವಯಸ್ಸಾಯ್ತಲ್ಲ." ನಮ್ಮ ಪದ್ಮನಾಭನಗರದ ಹಿರಿಯರ ಬಾಯಲ್ಲಿ ಈ ಮಾತು ಕೇಳಿರ್ತೀರಿ. ಆದರೆ ವಯಸ್ಸು ಅನ್ನೋದು ಕಾಯಿಲೆಯ ಹೆಸರಲ್ಲ.

18ನೇ ಶತಮಾನದ ಇಂಗ್ಲೆಂಡ್. 62 ವರ್ಷದ ಒಬ್ಬ ಹೆಂಗಸಿಗೆ ವರ್ಷಗಟ್ಟಲೆ ನುಂಗೋದೇ ಕಷ್ಟ. ಕೊನೆಗೆ ತೀರಿಕೊಂಡರು. ಶವಪರೀಕ್ಷೆಯಲ್ಲಿ ಕಂಡದ್ದು ಅನ್ನನಾಳವನ್ನ ಒತ್ತುತ್ತಿದ್ದ, ಬಲಗೈಗೆ ಹೋಗುವ ಒಂದು ರಕ್ತನಾಳ! ಸರ್ಜನ್ ಡೇವಿಡ್ ಬೇಫರ್ಡ್ ಬರೆದ ಈ ವರದಿ 1794ರಲ್ಲಿ ಅಚ್ಚಾಯಿತು. ಇದನ್ನ ಅವರು ಲ್ಯಾಟಿನ್‌ನಲ್ಲಿ 'ಪ್ರಕೃತಿಯ ಆಟ' ಅಂದರು. ಡಿಸ್ಫೇಜಿಯಾ ಲೂಸೋರಿಯಾ ಅನ್ನೋ ಹೆಸರು ಹುಟ್ಟಿದ್ದು ಅಲ್ಲಿಂದ.

2/3
ಸುಮಾರು ನೂರರಲ್ಲಿ ಒಬ್ಬರಿಗೆ ಈ ರಕ್ತನಾಳ ಹುಟ್ಟಿನಿಂದಲೇ ಎಡಗಡೆಯಿಂದ ಹೊರಟು, ಹೆಚ್ಚಾಗಿ ಅನ್ನನಾಳದ ಹಿಂದೆ ದಾಟಿ ಬಲಗೈಗೆ ಹೋಗುತ್ತೆ. ಹೆಚ್ಚಿನವರಿಗೆ ಜೀವನಪೂರ್ತಿ ಏನೂ ಗೊತ್ತಾಗಲ್ಲ. ಹಾಗಾದ್ರೆ ಮುಪ್ಪಿನಲ್ಲಿ ಯಾಕೆ ತೊಂದರೆ? ವಯಸ್ಸಾದಂತೆ ರಕ್ತನಾಳ ಗಟ್ಟಿಯಾಗುತ್ತೆ, ಹಿಗ್ಗುತ್ತೆ, ಒತ್ತಡ ಜಾಸ್ತಿಯಾಗುತ್ತೆ. ಕೆಲವರಲ್ಲಿ ಮಹಾಪಧಮನಿಯೇ ಹಿಗ್ಗಿ ಬಾಗಿ ಅನ್ನನಾಳವನ್ನ ಒತ್ತೋದೂ ಉಂಟು.

ಮೊದಲೆಲ್ಲ ಇದು ಗೊತ್ತಾಗ್ತಿದ್ದದ್ದು ಸತ್ತ ಮೇಲೆ. 1936ರಲ್ಲಿ ಜರ್ಮನಿಯ ಕೊಮೆರೆಲ್, ಬದುಕಿದ್ದ ರೋಗಿಯಲ್ಲೇ ಎಕ್ಸ್‌ರೇಯಿಂದ ಪತ್ತೆ ಮಾಡಿದರು. 1946ರಲ್ಲಿ ಬೋಸ್ಟನ್ನಿನ ರಾಬರ್ಟ್ ಗ್ರಾಸ್ ಪುಟ್ಟ ಮಗುವೊಂದರ ಆಪರೇಷನ್ ವರದಿ ಮಾಡಿದರು. ಬೇಫರ್ಡ್ ಕಾಲದಲ್ಲಿ ಬರೀ ವಿಚಿತ್ರ ಅನ್ನಿಸಿದ್ದು, ಈಗ ಸರಿಪಡಿಸಬಹುದಾದ ತೊಂದರೆಯಾಯಿತು.

3/3
ಇದು ಅಪರೂಪ. ಹಿರಿಯರಲ್ಲಿ ರಕ್ತನಾಳದಿಂದ ನುಂಗೋ ತೊಂದರೆ ಬರೋದು ಹೆಚ್ಚಾಗಿ ಸ್ಟ್ರೋಕ್‌ನಿಂದ. ಅಲ್ಲಿ ಕೆಟ್ಟಿರೋದು ಮಿದುಳಿನ ರಕ್ತನಾಳ. ವ್ಯತ್ಯಾಸ ಊಟದ ತಟ್ಟೆಯಲ್ಲೇ ಕಾಣುತ್ತೆ. ಅನ್ನನಾಳ ಒತ್ತಿದ್ದರೆ ಮುದ್ದೆ, ಚಪಾತಿ ಎದೆಯಲ್ಲಿ ಸಿಕ್ಕಿಕೊಂಡ ಹಾಗೆ ಆಗುತ್ತೆ, ಸಾರು ಇಳಿಯುತ್ತೆ. ಸ್ಟ್ರೋಕ್ ಆಗಿದ್ದರೆ ನೀರು ಕುಡಿದಾಗಲೇ ಕೆಮ್ಮು ಬರಬಹುದು. ಆ ನೀರು ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ ಭಯ.

ಚಿಕಿತ್ಸೆಗೆ ನಮ್ಮಲ್ಲೇ ಜಾಗಗಳಿವೆ. 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಹೊಸೂರು ರಸ್ತೆಯಲ್ಲಿದೆ, ಹೃದಯ ಮತ್ತು ರಕ್ತನಾಳಕ್ಕೆ ಜಯದೇವ ಆಸ್ಪತ್ರೆ ಬನ್ನೇರುಘಟ್ಟ ರಸ್ತೆಯಲ್ಲಿದೆ. ನುಂಗೋದನ್ನ ಮತ್ತೆ ಕಲಿಸೋ ಸ್ಪೀಚ್ ಥೆರಪಿಸ್ಟ್‌ಗಳನ್ನ ತಯಾರು ಮಾಡೋ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಮೈಸೂರಲ್ಲಿದೆ.

ನಾನು ಓದ್ತಿರೋದು ಬಿಕಾಂ, ಔಷಧ ಹೇಳಲ್ಲ. ಆದರೆ ಇಷ್ಟು ನೆನಪಿರಲಿ: ಗಟ್ಟಿ ಊಟ ಇಳಿಯದಿದ್ದರೆ ಕ್ಯಾನ್ಸರ್ ಕೂಡ ಕಾರಣ ಆಗಿರಬಹುದು, ಪರೀಕ್ಷೆ ಮಾಡಿಸಲೇಬೇಕು. ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಕೈ ಸೋತರೆ ನಾಳೆ ನೋಡೋಣ ಅನ್ನಬೇಡಿ, ತಕ್ಷಣ ಆಸ್ಪತ್ರೆಗೆ ಹೊರಡಿ. ಇವತ್ತು ರಾತ್ರಿ ಊಟಕ್ಕೆ ಕೂತಾಗ ಅಜ್ಜಿ ತಾತನ್ನ ಒಂದು ಮಾತು ಕೇಳಿ: "ಊಟ ಸರಿಯಾಗಿ ಇಳೀತಿದ್ಯಾ?"

#ಕನ್ನಡ #ವೈದ್ಯಕೀಯಇತಿಹಾಸ #ಪದ್ಮನಾಭನಗರ